ಎಲ್ಮ್‌ಹರ್ಸ್ಟ್ ದಂಪತಿಯ ಕಾಗದಪತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಂತಿನಿಕೇತನದ ಮಾತು ಬಂದರೆ ಪಕ್ಕದ ಶ್ರೀನಿಕೇತನದ ಮಾತು ಬರುತ್ತದೆ. ಅದರ ಹಿಂದೆಯೇ ಎಲ್ಮ್‌ಹರ್ಸ್ಟ್ ಅನ್ನೋ ಹೆಸರು, ಆ ಹೆಸರಿನ ಹಿಂದೆ ಒಂದಷ್ಟು ಪ್ರಶ್ನೆಗಳು. ಮಾತುಕತೆಯಲ್ಲಿ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಕಂಡವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಲಿಗೆ

ಎಲ್ಮ್‌ಹರ್ಸ್ಟ್ ಅಂದ್ರೆ ಯಾರು? ನಾನು ಹೆಸರೇ ಕೇಳಿಲ್ಲ.

ಲೆನರ್ಡ್ ಎಲ್ಮ್‌ಹರ್ಸ್ಟ್ ಮತ್ತು ಡೊರೊತಿ ಎಲ್ಮ್‌ಹರ್ಸ್ಟ್, ಗಂಡ ಹೆಂಡತಿ. ಲೆನರ್ಡ್ ಹುಟ್ಟಿದ್ದು 1893ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ. ಕೇಂಬ್ರಿಡ್ಜಿನಲ್ಲಿ ಇತಿಹಾಸ ಓದಿ, ಮೊದಲ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದರು. ಹಳ್ಳಿಗಳನ್ನು ಕಂಡ ಮೇಲೆ ಇತಿಹಾಸ ಸಾಲದು ಅನ್ನಿಸಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಕೃಷಿ ಕಲಿಯಲು ಹೋದರು. ಡೊರೊತಿ 1887ರಲ್ಲಿ ಅಮೆರಿಕದ ವಿಟ್ನಿ ಮನೆತನದಲ್ಲಿ ಹುಟ್ಟಿದವರು. ಭಾರೀ ಶ್ರೀಮಂತರು. ಮೊದಲ ಗಂಡ ವಿಲ್ಲರ್ಡ್ ಸ್ಟ್ರೈಟ್ 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡರು. ಆಗ ಮೂರು ಚಿಕ್ಕ ಮಕ್ಕಳು.

ಇಬ್ಬರೂ ಸೇರಿ ಎರಡು ಕಡೆ ಹಳ್ಳಿ ಶಿಕ್ಷಣದ ಪ್ರಯೋಗ ಮಾಡಿದರು. ಒಂದು ಬಂಗಾಳದ ಸುರುಲ್‌ನಲ್ಲಿ, 1922ರಿಂದ. ಇನ್ನೊಂದು ಇಂಗ್ಲೆಂಡಿನ ಡೆವನ್ ಜಿಲ್ಲೆಯ ಡಾರ್ಟಿಂಗ್ಟನ್‌ನಲ್ಲಿ, 1925ರಿಂದ.

ಟಾಗೋರರಿಗೆ ಈ ಇಂಗ್ಲಿಷ್ ಹುಡುಗ ಎಲ್ಲಿ ಸಿಕ್ಕಿದ?

ನ್ಯೂಯಾರ್ಕಿನಲ್ಲಿ. ಟಾಗೋರ್ 1920–21ರ ಚಳಿಗಾಲದಲ್ಲಿ ತಮ್ಮ ವಿಶ್ವಭಾರತಿಗೆ ಹಣ ಕೂಡಿಸಲು ಅಮೆರಿಕಕ್ಕೆ ಹೋಗಿದ್ದರು. ಹಣ ಹುಟ್ಟಲಿಲ್ಲ, ಲೆನರ್ಡ್ ಸಿಕ್ಕರು. ನಮ್ಮ ಸುತ್ತಲ ಹಳ್ಳಿಗಳು ಸಾಯುತ್ತಿವೆ, ಯಾಕೆ ಅಂತ ಬಂದು ನೋಡು ಅನ್ನುವುದು ಟಾಗೋರರ ಮಾತಿನ ತಾತ್ಪರ್ಯ. ಲೆನರ್ಡ್ ಹತ್ತಿರ ಕಾಸಿರಲಿಲ್ಲ. ಅದಕ್ಕೂ ಮುಂಚೆ, ಕಾರ್ನೆಲ್‌ನ ವಿದೇಶಿ ವಿದ್ಯಾರ್ಥಿಗಳ ಕ್ಲಬ್ಬು ಸಾಲದಲ್ಲಿ ಮುಳುಗಿದ್ದಾಗ ಸಹಾಯ ಕೇಳಲು ಹೋಗಿ ಅವರು ಡೊರೊತಿಯನ್ನು ಭೇಟಿಯಾಗಿದ್ದರು. ಬಂಗಾಳದ ಕೆಲಸಕ್ಕೂ ಡೊರೊತಿಯೇ ಹಣ ಕೊಟ್ಟರು. 1921ರ ನವೆಂಬರಿನಲ್ಲಿ ಲೆನರ್ಡ್ ಶಾಂತಿನಿಕೇತನ ತಲುಪಿದರು. 1922ರ ಫೆಬ್ರುವರಿ 6ರಂದು ಸುರುಲ್‌ನಲ್ಲಿ ಕೆಲಸ ಶುರು. ಮುಂದೆ ಅದಕ್ಕೇ ಶ್ರೀನಿಕೇತನ ಅಂತ ಹೆಸರಾಯಿತು.

ಗಂಡ ಹೊಲಕ್ಕೆ ಇಳಿದರು, ಹೆಂಡತಿ ದುಡ್ಡು ಕೊಟ್ಟರು. ಅಷ್ಟೇ ಅಲ್ವಾ?

ಈ ಪ್ರಶ್ನೆ ಕೇಳದೆ ಬಿಡುವವರೇ ಇಲ್ಲ. ಕಾಗದಗಳನ್ನು ಓದಿದರೆ ಹಾಗೆ ಅನ್ನಿಸುವುದಿಲ್ಲ. ಶಿಕ್ಷಣದ ವಿಷಯದಲ್ಲಿ ಲೆನರ್ಡ್‌ಗಿಂತ ಮುಂಚೆ ಯೋಚಿಸಿದವರು ಡೊರೊತಿ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿಯ ವಿಚಾರಗಳು ಅವರಿಗೆ ಚೆನ್ನಾಗಿ ಗೊತ್ತಿದ್ದವು. ನ್ಯೂಯಾರ್ಕಿನಲ್ಲಿ 1919ರಲ್ಲಿ ಶುರುವಾದ ನ್ಯೂ ಸ್ಕೂಲ್ ಅನ್ನುವ ಉನ್ನತ ಶಿಕ್ಷಣ ಸಂಸ್ಥೆಗೆ ಬೆಂಬಲ ಕೊಟ್ಟವರಲ್ಲಿ ಅವರೂ ಒಬ್ಬರು. ಮೊದಲ ಗಂಡನ ಜೊತೆ ಸೇರಿ 1914ರಲ್ಲಿ 'ದಿ ನ್ಯೂ ರಿಪಬ್ಲಿಕ್' ಪತ್ರಿಕೆಗೆ ಹಣ ಹಾಕಿದ್ದರು. ಹೆಂಗಸರ ಮತದಾನದ ಹಕ್ಕಿಗೆ ದುಡಿದಿದ್ದರು.

ಸುರುಲ್‌ನಿಂದ ಲೆನರ್ಡ್ ಬರೆದದ್ದು ಬರೀ ಲೆಕ್ಕಪತ್ರವಲ್ಲ. ಹಣ ಕೊಟ್ಟವರಿಗೆ ಬರೆಯುವ ಒಣ ವರದಿಯ ಧಾಟಿ ಅಲ್ಲಿಲ್ಲ. ಗೊತ್ತಿರುವವರ ಹತ್ತಿರ ಯೋಚನೆ ಮಾಡುತ್ತಾ ಮಾತಾಡುವ ಧಾಟಿ ಇದೆ. ಆದರೂ ಹೊರಗಿನ ಬರಹಗಳಲ್ಲಿ ಡೊರೊತಿ ಇವತ್ತಿಗೂ 'ದಾನಿ' ಅಂತಲೇ ಬರುತ್ತಾರೆ. ಇದು ಅನ್ಯಾಯ ಅಂತ ನನ್ನ ಅಭಿಪ್ರಾಯ.

ಕಾಗದಪತ್ರ ಅಂದರೆ ಏನೇನಿದೆ? ಬರೀ ಪ್ರೇಮಪತ್ರಗಳಾ?

ಪ್ರೇಮಪತ್ರಗಳೂ ಇವೆ. 1920ರಿಂದ 1925ರ ತನಕ ಇಬ್ಬರ ನಡುವೆ ಓಡಾಡಿದ ಪತ್ರಗಳೇ ಇಡೀ ಸಂಗ್ರಹದ ಜೀವ. ಒಬ್ಬರು ಬಂಗಾಳದಲ್ಲಿ, ಇನ್ನೊಬ್ಬರು ನ್ಯೂಯಾರ್ಕಿನಲ್ಲಿ. ಹಡಗಿನಲ್ಲಿ ಹೋಗುವ ಪತ್ರ. ಉತ್ತರ ಬರುವಷ್ಟರಲ್ಲಿ ಕೇಳಿದ್ದೇ ಹಳತಾಗಿರುತ್ತಿತ್ತು. ಹಾಗಾಗಿ ಇಬ್ಬರೂ ಒಂದೊಂದು ಪತ್ರದಲ್ಲೂ ಜಾಸ್ತಿ ಬರೆಯುತ್ತಿದ್ದರು. ನಮಗೆ ಅದೇ ಲಾಭ.

ಇದಲ್ಲದೆ ಲೆನರ್ಡ್ ಅವರ ದಿನಚರಿಗಳು, ಟಾಗೋರರ ಜೊತೆಗಿನ ಪತ್ರವ್ಯವಹಾರ, 1924ರ ಚೀನಾ ಮತ್ತು ಅರ್ಜೆಂಟಿನಾ ಪ್ರವಾಸದ ಬರಹಗಳು ಇವೆ. ಆ ಪ್ರವಾಸಗಳಲ್ಲಿ ಅವರು ಟಾಗೋರರ ಕಾರ್ಯದರ್ಶಿ. ಡಾರ್ಟಿಂಗ್ಟನ್ ಕಡೆಯಿಂದ ಶಾಲೆಯ ದಾಖಲೆಗಳು, ತೋಟ ಗದ್ದೆಗಳ ಲೆಕ್ಕ, ಫೋಟೋಗಳು ಇವೆ. 1930ರ ದಶಕದಲ್ಲಿ ಅಲ್ಲಿ ಶಾಲೆಗಳಿಗೆ ಅಂತಲೇ ಸಿನಿಮಾ ತೆಗೆಯುವ ಒಂದು ಘಟಕ ಕೂಡ ಇತ್ತು.

ಇವೆಲ್ಲ ಈಗ ಎಲ್ಲಿವೆ? ಒಂದೇ ಕಡೆ ಇಲ್ವಾ?

ಇಲ್ಲ, ಮೂರು ದೇಶಗಳಲ್ಲಿ ಹಂಚಿಹೋಗಿವೆ. ದೊಡ್ಡ ಪಾಲು ಇಂಗ್ಲೆಂಡಿನ ಎಕ್ಸೆಟರ್ ಊರಿನ ಡೆವನ್ ಹೆರಿಟೇಜ್ ಸೆಂಟರಿನಲ್ಲಿದೆ. ಮುಂಚೆ ಡಾರ್ಟಿಂಗ್ಟನ್‌ನಲ್ಲೇ ಇತ್ತು, ಆಮೇಲೆ ಅಲ್ಲಿಗೆ ಹೋಯಿತು. ಡೊರೊತಿಯ ಅಮೆರಿಕದ ಜೀವನದ ಕಾಗದಗಳು ಇಥಾಕಾದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಅಪರೂಪದ ಹಸ್ತಪ್ರತಿ ವಿಭಾಗದಲ್ಲಿವೆ. ಟಾಗೋರರ ಕಡೆ ಉಳಿದ ಪತ್ರಗಳು ಶಾಂತಿನಿಕೇತನದ ರವೀಂದ್ರ ಭವನದಲ್ಲಿವೆ.

ಯಾವುದೋ ಲೇಖನದ ಅಡಿಟಿಪ್ಪಣಿಯಲ್ಲಿ ಎಲ್‌ಕೆಇ ಅಂತ ಕಂಡರೆ ಅದು ಲೆನರ್ಡ್ ಕಡತ, ಡಿಡಬ್ಲ್ಯುಇ ಅಂತ ಕಂಡರೆ ಡೊರೊತಿ ಕಡತ. ಇಬ್ಬರ ಹೆಸರಿನ ಮೊದಲ ಅಕ್ಷರಗಳು, ಅಷ್ಟೇ. ಎಲ್‌ಕೆಇ ಪಕ್ಕದಲ್ಲಿ ಐಎನ್ ಅಂತ ಇದ್ದರೆ ಭಾರತದ ವಿಷಯ.

## ಕಾಗದಗಳ ಒಳಗೆ

ಸುರುಲ್‌ನಲ್ಲಿ ಮೊದಲು ಕಲಿಸಿದ್ದು ಪಾಯಿಖಾನೆ ಕೆಲಸ ಅಂತಾರೆ. ನಿಜಾನಾ?

ನಿಜ. ಇಡೀ ಸಂಗ್ರಹದಲ್ಲಿ ನನಗೆ ತುಂಬಾ ಹಿಡಿಸಿದ ಭಾಗವೂ ಇದೇ.

ಲೆನರ್ಡ್ ಜೊತೆ ಸುರುಲ್‌ಗೆ ಬಂದವರು ಕೆಲವು ಕಾಲೇಜು ಹುಡುಗರು. ಹೆಚ್ಚಿನವರು ಮೇಲ್ಜಾತಿಯ ಮನೆಗಳವರು. ಮನೆಯಲ್ಲಿ ಕಸಬರಿಕೆ ಕೂಡ ಮುಟ್ಟಿರದವರು. ಬಂದ ಕೂಡಲೇ ಒಂದು ಸಮಸ್ಯೆ ಎದ್ದಿತು: ಕಕ್ಕಸಿನ ಬಕೆಟ್ ಹೊರುವವರು ಯಾರು? ಆಗಿನ ರೂಢಿಯಂತೆ ಆ ಕೆಲಸಕ್ಕೆಂದೇ ಮೀಸಲಾದ ಜಾತಿಯವರನ್ನು ಕರೆಸಬೇಕು. ಲೆನರ್ಡ್ ಒಪ್ಪಲಿಲ್ಲ. ನಮ್ಮದನ್ನು ನಾವೇ ಹೊರಬೇಕು ಅಂದರು. ತಾವೂ ಹೊತ್ತರು. ಕಂದಕ ತೋಡಿ, ಅದರೊಳಗೆ ಸುರಿದು, ಮೇಲೆ ಮಣ್ಣು ಮುಚ್ಚುವುದು. ಕೆಲವು ಕಾಲದ ಮೇಲೆ ಅದೇ ಜಾಗದಲ್ಲಿ ತರಕಾರಿ ಹಾಕುವುದು.

ಇದು ಬರೀ ಜಾತಿ ಮುರಿಯುವ ಪಾಠವಾಗಿರಲಿಲ್ಲ, ಕೃಷಿ ಪಾಠ ಕೂಡ. ಅದೇ 1922ರಲ್ಲಿ ಕಲ್ಕತ್ತಾದಲ್ಲಿ ಲೆನರ್ಡ್ 'ಮಣ್ಣಿನ ಲೂಟಿ' ಅನ್ನುವ ವಿಷಯದ ಮೇಲೆ ಭಾಷಣ ಮಾಡಿದರು. ಟಾಗೋರರದೇ ಅಧ್ಯಕ್ಷತೆ. ಹಳ್ಳಿಯಿಂದ ಅಕ್ಕಿ, ತರಕಾರಿ, ಹಾಲು ಎಲ್ಲ ಪೇಟೆಗೆ ಹೋಗುತ್ತದೆ, ಮಣ್ಣಿಗೆ ಏನೂ ವಾಪಸ್ ಬರುವುದಿಲ್ಲ ಅನ್ನುವುದು ಅದರ ತಿರುಳು. ಓದಿದ ಹುಡುಗರ ವಿಷಯಕ್ಕೂ ಇದೇ ಮಾತು ಹೊಂದುತ್ತದೆ. ಹಳ್ಳಿಯ ಬುದ್ಧಿವಂತರೂ ಪೇಟೆ ಸೇರುತ್ತಾರೆ, ತಿರುಗಿ ಬರುವುದಿಲ್ಲ. ಕಂದಕ ತೋಡಿಸಿದ್ದಕ್ಕೂ ಈ ಭಾಷಣಕ್ಕೂ ಇರುವ ನಂಟು ಕಾಗದಗಳನ್ನು ತಾರೀಖಿನ ಪ್ರಕಾರ ಓದಿದರೆ ತಾನಾಗೇ ಕಾಣುತ್ತದೆ. ವಿಷಯವಾರು ಓದಿದರೆ ಕೈ ತಪ್ಪುತ್ತದೆ.

ಕೋತಿ, ಮಲೇರಿಯಾ ಅಂತ ಏನೋ ಹೇಳಿದ್ರಂತಲ್ಲ, ಅದೇನು?

ಹಳ್ಳಿಗಳು ಯಾಕೆ ಸೊರಗುತ್ತಿವೆ ಅಂತ ಹುಡುಕುತ್ತಾ ಲೆನರ್ಡ್ ಮೂರು ಕಾರಣ ಹೇಳಿದರು: ಕೋತಿ, ಮಲೇರಿಯಾ, ಒಬ್ಬರ ಮೇಲೊಬ್ಬರಿಗೆ ಇಲ್ಲದ ನಂಬಿಕೆ. ಕೇಳಿದರೆ ನಗು ಬರುತ್ತದೆ. ಮಲೆನಾಡಿನವರು ನಗುವುದಿಲ್ಲ ಬಿಡಿ. ಹಿತ್ತಲಲ್ಲಿ ಏನು ಬೆಳೆದರೂ ಕೋತಿ ಪಾಲಾದರೆ ಜನ ಬೆಳೆಯುವುದನ್ನೇ ಬಿಡುತ್ತಾರೆ. ತರಕಾರಿ ಇಲ್ಲದೆ ಊಟ ಸಪ್ಪೆಯಾಗುತ್ತದೆ, ಮೈ ಸೊರಗುತ್ತದೆ. ಸೊರಗಿದ ಮೈಗೆ ಜ್ವರ ಬಂದರೆ ಏಳುವುದು ಕಷ್ಟ. ಕೋತಿ ಓಡಿಸಬೇಕು, ನಿಂತ ನೀರು ಬಳಿಯಬೇಕು ಅಂದರೆ ಊರವರೆಲ್ಲ ಒಟ್ಟಾಗಬೇಕು. ಅಲ್ಲಿ ಮೂರನೆಯ ಕಾರಣ ಅಡ್ಡ ಬರುತ್ತದೆ.

ಪಟ್ಟಿಯಲ್ಲಿ 'ಅನಕ್ಷರತೆ' ಇಲ್ಲ, ಗಮನಿಸಿ. ಶಿಕ್ಷಣದ ಕೆಲಸಕ್ಕೆ ಬಂದ ಮನುಷ್ಯ ಓದುಬರಹದಿಂದ ಶುರು ಮಾಡಲಿಲ್ಲ. ಸುರುಲ್‌ನಲ್ಲಿ ಅಮೆರಿಕದ ಗ್ರೆಚೆನ್ ಗ್ರೀನ್ ಅವರು ನಡೆಸಿದ ದವಾಖಾನೆ ಕೂಡ ಇದೇ ಲೆಕ್ಕಾಚಾರದ ಭಾಗ.

ಆದರೆ ಒಂದು ಮಾತು. ಜಮೀನ್ದಾರಿ, ಗೇಣಿ, ಸಾಲ ಇವೂ ಆ ಮೂರರ ಪಟ್ಟಿಯಲ್ಲಿಲ್ಲ. ಟಾಗೋರರೇ ಜಮೀನ್ದಾರರ ಮನೆಯವರು. ಪಟ್ಟಿ ಎಷ್ಟು ಚೆನ್ನಾಗಿದ್ದರೂ ಈ ಖಾಲಿ ಜಾಗ ನೋಡದೆ ಮುಂದೆ ಹೋಗಬಾರದು.

ಅಲ್ಲಿ ಮಕ್ಕಳಿಗೆ ಶಾಲೆ ಇತ್ತಾ, ಇಲ್ಲ ಬರೀ ವ್ಯವಸಾಯವಾ?

ಎರಡು ಥರದ ಕೆಲಸ ಇತ್ತು. ಒಂದು 'ಬ್ರತಿ ಬಾಲಕ' ಅನ್ನುವ ಹುಡುಗರ ದಳ. ಸ್ಕೌಟ್ಸ್ ಮಾದರಿಯದು. ಲೆನರ್ಡ್ ಅವರ ಬಂಗಾಳಿ ಜೊತೆಗಾರ ಕಾಳಿಮೋಹನ ಘೋಷ್ ಇದನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು. ಹುಲ್ಲಿನ ಮನೆಗೆ ಬೆಂಕಿ ಬಿದ್ದರೆ ಆರಿಸುವುದು, ಸೊಳ್ಳೆ ಹುಟ್ಟುವ ಗುಂಡಿಗಳನ್ನು ನೋಡಿಕೊಳ್ಳುವುದು, ಜಾತ್ರೆಯಲ್ಲಿ ಜನ ಸಂಭಾಳಿಸುವುದು ಈ ಹುಡುಗರ ಪಾಠ.

ಇನ್ನೊಂದು 'ಶಿಕ್ಷಾಸತ್ರ'. 1924ರಲ್ಲಿ ಶಾಂತಿನಿಕೇತನದಲ್ಲಿ ಶುರುವಾಯಿತು. ಸಂತೋಷಚಂದ್ರ ಮಜುಂದಾರ್ ನೋಡಿಕೊಂಡರು. ಅವರು ಟಾಗೋರರ ಮಗ ರಥೀಂದ್ರನಾಥರ ಜೊತೆ ಅಮೆರಿಕದ ಇಲಿನಾಯ್‌ನಲ್ಲಿ ಕೃಷಿ ಓದಿ ಬಂದವರು. ಕೈಬೆರಳೆಣಿಕೆಯಷ್ಟು ಬಡ ಹುಡುಗರು. ಪರೀಕ್ಷೆ ಇಲ್ಲ. ಅಡುಗೆ, ತೋಟ, ನೇಯ್ಗೆ, ಮನೆ ಚೊಕ್ಕಟ ಇಡುವುದು, ಇವುಗಳ ಮೂಲಕವೇ ಲೆಕ್ಕ, ಭಾಷೆ, ವಿಜ್ಞಾನ. 1927ರಲ್ಲಿ ಇದು ಶ್ರೀನಿಕೇತನಕ್ಕೆ ಬಂತು.

ಶಾಂತಿನಿಕೇತನದಲ್ಲಿ ಅಷ್ಟು ಚೆಂದದ ಶಾಲೆ ಇರುವಾಗ ಇನ್ನೊಂದು ಯಾಕೆ? ಅಲ್ಲಿ ಪೇಟೆಯ ಅನುಕೂಲಸ್ಥರ ಮಕ್ಕಳೇ ತುಂಬಿದ್ದರು. ಅಪ್ಪ ಅಮ್ಮಂದಿರಿಗೆ ಪರೀಕ್ಷೆ ಬೇಕಿತ್ತು. ಟಾಗೋರರಿಗೆ ಬೇಕಿದ್ದ ಶಾಲೆ ಅವರ ಕಣ್ಣೆದುರೇ ಬೇರೆಯಾಗುತ್ತಾ ಹೋಯಿತು. ಅದಕ್ಕೆ ಹಳ್ಳಿ ಹುಡುಗರನ್ನೇ ಇಟ್ಟುಕೊಂಡು ಮತ್ತೊಮ್ಮೆ ಶುರು ಮಾಡಿದರು.

ಮುಂದೆ ಗಾಂಧೀಜಿಯ ನಯೀ ತಾಲೀಮ್, ಅಂದರೆ ಕೈಕೆಲಸದ ಮೂಲಕ ಕಲಿಸುವ ಶಿಕ್ಷಣ, ಕಟ್ಟಿದ ಇನ್ನೊಂದು ದಂಪತಿ, ಆರ್ಯನಾಯಕಂ ಮತ್ತು ಆಶಾದೇವಿ, ಇಲ್ಲೇ ಶಾಂತಿನಿಕೇತನದಲ್ಲಿ ಕೆಲಸ ಮಾಡಿ ವಾರ್ಧಾಕ್ಕೆ ಹೋದವರು. ಅವರ ಕಥೆ ಹೇಳಲು ಬೇರೆ ಪುಟವೇ ಬೇಕು.

ಇಂಗ್ಲೆಂಡಿನ ಡಾರ್ಟಿಂಗ್ಟನ್ ಶಾಲೆ ಹಳ್ಳಿ ಮಕ್ಕಳಿಗೇನಾ?

ಉದ್ದೇಶ ಹಾಗಿತ್ತು, ಆದದ್ದು ಬೇರೆ.

1925ರ ಏಪ್ರಿಲ್‌ನಲ್ಲಿ ಮದುವೆಯಾಗಿ, ಅದೇ ವರ್ಷ ಡೆವನ್‌ನಲ್ಲಿ ಪಾಳು ಬಿದ್ದ ಒಂದು ಹಳೇ ಜಾಗೀರು ಕೊಂಡರು. 14ನೇ ಶತಮಾನದ ಕಟ್ಟಡ, ದೊಡ್ಡ ಸಭಾಂಗಣಕ್ಕೆ ಸೂರೇ ಇರಲಿಲ್ಲ. ಡೆವನ್ ಕಡೆ ನೋಡು ಅಂತ ಹೇಳಿದ್ದು ಟಾಗೋರರು. ಹುಡುಗನಾಗಿದ್ದಾಗ ಅವರು ಆ ಸೀಮೆಯ ಟಾರ್ಕಿಯಲ್ಲಿ ಕೆಲವು ದಿನ ಇದ್ದವರು. ಡಾರ್ಟಿಂಗ್ಟನ್‌ಗೂ 1926 ಮತ್ತು 1930ರಲ್ಲಿ ಬಂದರು.

ಶಾಲೆ 1926ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಡೊರೊತಿಯ ಸ್ವಂತ ಮಕ್ಕಳೂ ಮೊದಲ ವಿದ್ಯಾರ್ಥಿಗಳಲ್ಲಿದ್ದರು. ಹುಡುಗ ಹುಡುಗಿಯರು ಒಟ್ಟಿಗೆ. ಯೂನಿಫಾರ್ಮ್ ಇಲ್ಲ, ಹೊಡೆಯುವುದಿಲ್ಲ, ಧರ್ಮದ ಪಾಠ ಕಡ್ಡಾಯವಲ್ಲ. ಸುತ್ತಲಿನ ತೋಟ, ಕೋಳಿ ಸಾಕಣೆ, ಮರಗೆಲಸ, ನೇಯ್ಗೆ ಎಲ್ಲವೂ ಪಾಠದ ಜಾಗ. ಸುರುಲ್‌ನ ಗುರುತು ಎದ್ದು ಕಾಣುತ್ತದೆ.

ಆದರೆ ಊರವರು ಗುಸುಗುಸು ಮಾಡಿದರು, ಮಕ್ಕಳನ್ನು ಕಳಿಸಲಿಲ್ಲ. ಬಂದವರು ದೂರದ ಬುದ್ಧಿಜೀವಿಗಳ ಮಕ್ಕಳು. ಬರ್ಟ್ರಂಡ್ ರಸೆಲ್ ಮಕ್ಕಳು, ಸಿಗ್ಮಂಡ್ ಫ್ರಾಯ್ಡ್ ಮೊಮ್ಮಕ್ಕಳು. ಡಬ್ಲ್ಯು. ಬಿ. ಕರ್ರಿ 1931ರಲ್ಲಿ ಮುಖ್ಯೋಪಾಧ್ಯಾಯರಾದ ಮೇಲೆ ಜಮೀನಿಗೂ ಶಾಲೆಗೂ ಇದ್ದ ಕೊಂಡಿ ಇನ್ನೂ ಸಡಿಲವಾಯಿತು. 1930ರ ದಶಕದ ಕಡತಗಳಲ್ಲಿ ಕಲಾವಿದರೇ ಕಲಾವಿದರು. ಹಿಟ್ಲರನ ಜರ್ಮನಿಯಿಂದ ಓಡಿಬಂದ ಕುರ್ಟ್ ಯೂಸ್ ಅವರ ನೃತ್ಯ ತಂಡ, ನಟನೆಯ ಗುರು ಮೈಕೆಲ್ ಚೆಕಾವ್, ನಮ್ಮ ಉದಯ್ ಶಂಕರ್. ಡೊರೊತಿಗೆ ರಂಗಭೂಮಿಯ ಹುಚ್ಚು ಹಿಡಿದಿತ್ತು. ಮಗಳು ಬಿಯಾಟ್ರಿಸ್ ಮುಂದೆ ನಟಿಯಾಗಿ ಆಸ್ಕರ್ ಪಡೆದರು. ಎಲ್ಲ ಸೊಗಸೇ. ಹಳ್ಳಿ ಮಗು ಮಾತ್ರ ಎಲ್ಲೂ ಕಾಣುವುದಿಲ್ಲ.

ಹಾಗಾಗಿ ಶಾಂತಿನಿಕೇತನದಲ್ಲಿ ಆದದ್ದೇ ಇಲ್ಲೂ ಆಯಿತು ಅಂತ ನಾನು ಓದುತ್ತೇನೆ. ಬೆಂಕಿ ಆರಿಸುವುದು, ಜ್ವರ ತಡೆಯುವುದು, ಗೊಬ್ಬರ ಮಾಡುವುದು ಇವು ಪಾಠವಾಗಿದ್ದಾಗ ಹಳ್ಳಿಯವರು ಇದ್ದರು. ಗೋಡೆ ಎದ್ದು, ಫೀಸು ಬಂದು, 'ಶಾಲೆ' ಅಂತ ಆದ ಕೂಡಲೇ ಅನುಕೂಲಸ್ಥರು ಬಂದು ಕೂತರು. ಶಾಲೆ 1987ರಲ್ಲಿ ಮುಚ್ಚಿತು.

ಮದುವೆ ಆದ ಮೇಲೂ ಶ್ರೀನಿಕೇತನದ ನಂಟು ಇತ್ತಾ?

ಇತ್ತು. ಹಲವು ವರ್ಷ ಹಣ ಹೋಗುತ್ತಿತ್ತು. ನಡೆಸುವವರು ಅಲ್ಲಿನವರೇ ಆಗಿರಬೇಕು ಅನ್ನುವುದು ಲೆನರ್ಡ್ ಮೊದಲಿನಿಂದ ಹಿಡಿದ ಹಟ. ಬಂಗಾಳದ ಬರಗಾಲದ ನಂತರ, 1944ರಲ್ಲಿ, ಬಂಗಾಳ ಸರ್ಕಾರಕ್ಕೆ ಕೃಷಿ ಸಲಹೆಗಾರರಾಗಿ ಮತ್ತೆ ಬಂದರು.

## ಓದಲು ಹೊರಟವರಿಗೆ

ಬರೆದವರೂ ಅವರೇ, ಇಟ್ಟುಕೊಂಡವರೂ ಅವರೇ. ನಂಬೋದು ಹೇಗೆ?

ಒಳ್ಳೆ ಪ್ರಶ್ನೆ. ಪೂರ್ತಿ ನಂಬಬೇಡಿ. ಹಾಗಂತ ಪಕ್ಕಕ್ಕಿಡಲೂ ಬೇಡಿ.

ಮೊದಲನೆಯದು, ಲೆನರ್ಡ್ ಹಳ್ಳಿಯವರ ಮಾತು ಕೇಳಿದ್ದು ಹೆಚ್ಚಾಗಿ ಕಾಳಿಮೋಹನ ಘೋಷರಂಥ ಬಂಗಾಳಿ ಜೊತೆಗಾರರ ಬಾಯಿಂದ. ಹಳ್ಳಿಯವರ ಸ್ವಂತ ದನಿ ಈ ಕಾಗದಗಳಲ್ಲಿ ತೀರಾ ಕಮ್ಮಿ. ಕಕ್ಕಸು ಹೊರಬೇಕಾಗಿದ್ದ ಜಾತಿಯವರು ಈ ಹುಡುಗರನ್ನು ನೋಡಿ ಏನು ಅಂದುಕೊಂಡರು? ಹುಡುಗರ ಮುಜುಗರ ದಾಖಲಾಗಿದೆ, ಅವರದು ದಾಖಲಾಗಿಲ್ಲ.

ಎರಡನೆಯದು, ಪತ್ರ ಯಾರಿಗೆ ಅಂತ ನೋಡಿ. ಲೆನರ್ಡ್ ಪ್ರೀತಿಸುತ್ತಿದ್ದ ಹೆಂಗಸಿಗೆ ಬರೆಯುತ್ತಿದ್ದಾರೆ. ಆಕೆಯೇ ಹಣ ಕೊಡುವವರೂ ಹೌದು. ಸೋಲನ್ನು ಎಷ್ಟು ಹೇಳಿಯಾರು? ತಮಾಷೆ ಮಾಡಿದ ಕಡೆ ಸ್ವಲ್ಪ ನಿಲ್ಲಿ. ಕಷ್ಟ ಅಡಗಿರುವುದು ಅಲ್ಲೇ.

ಮೂರನೆಯದು, ದಿನಚರಿಯೂ ಅದರ ಅಚ್ಚಾದ ರೂಪವೂ ಒಂದೇ ಅಂದುಕೊಳ್ಳಬೇಡಿ. ಸುರುಲ್ ದಿನಗಳ ದಿನಚರಿ 'ಪೊಯೆಟ್ ಅಂಡ್ ಪ್ಲೌಮನ್' ಅಂತ 1975ರಲ್ಲಿ ವಿಶ್ವಭಾರತಿಯಿಂದ ಬಂತು. ಆಗ ಲೆನರ್ಡ್ ತೀರಿಕೊಂಡು ಒಂದು ವರ್ಷ. 1922ರ ಹುಡುಗನ ಬರಹವೂ ವಯಸ್ಸಾದ ಮೇಲೆ ಹಿಂತಿರುಗಿ ನೋಡಿದವರ ಮಾತೂ ಬೇರೆ ಬೇರೆ.

ಇಂಗ್ಲೆಂಡಿಗೆ ಹೋಗಲು ಆಗಲ್ಲ. ಇಲ್ಲೇ ಕೂತು ಎಲ್ಲಿಂದ ಶುರು ಮಾಡಲಿ?

ಅಚ್ಚಾದ ದಿನಚರಿಯಿಂದ. ಆಮೇಲೆ ಶಾಂತಿನಿಕೇತನ. ರವೀಂದ್ರ ಭವನಕ್ಕೆ ಹೋಗುವ ಮುಂಚೆ ಪತ್ರ ಬರೆದು ಅನುಮತಿ ಕೇಳಿ, ಯಾವ ವರ್ಷದ ಯಾವ ಕಾಗದ ಬೇಕು ಅಂತ ಖಚಿತವಾಗಿ ಹೇಳಿ. 'ಎಲ್ಮ್‌ಹರ್ಸ್ಟ್ ಬಗ್ಗೆ ಇರೋದೆಲ್ಲ ಬೇಕು' ಅಂದರೆ ಯಾರಿಗೂ ಕೆಲಸ ಆಗುವುದಿಲ್ಲ. ಪತ್ರಗಳಿಗೆ ಇಂಗ್ಲಿಷ್ ಸಾಕು. ಶ್ರೀನಿಕೇತನದ ಒಳಗಿನ ಬದುಕು ಬೇಕಿದ್ದರೆ ಬಂಗಾಳಿ ಬೇಕು, ಇಲ್ಲ ಬಂಗಾಳಿ ಓದುವ ಗೆಳೆಯರು ಬೇಕು.

ಈ ಪತ್ರಗಳನ್ನು ಕನ್ನಡಕ್ಕೆ ಮಾಡಿ ಹಾಕಬಹುದಾ?

ಕೇಳದೆ ಹಾಕಬೇಡಿ. ಕಾಗದ ಇಟ್ಟುಕೊಂಡವರು ಬೇರೆ, ಬರಹದ ಹಕ್ಕು ಇರುವವರು ಬೇರೆ. ಬ್ರಿಟನ್ನಿನ ಕಾನೂನಿನಲ್ಲಿ, 1969ಕ್ಕೆ ಮುಂಚೆ ತೀರಿಕೊಂಡವರ ಹಳೆಯ ಅಚ್ಚಾಗದ ಬರಹಕ್ಕೆ ಸಾಮಾನ್ಯವಾಗಿ 2039ರ ಕೊನೆಯವರೆಗೂ ಹಕ್ಕು ಉಳಿಯುತ್ತದೆ. ಡೊರೊತಿ ಹೋದದ್ದು 1968ರ ಡಿಸೆಂಬರಿನಲ್ಲಿ. ಲೆನರ್ಡ್ 1974ರಲ್ಲಿ ಹೋದರು. ಅವರದಕ್ಕೆ ಸಾವಿನಿಂದ 70 ವರ್ಷ ಎಣಿಸಬೇಕು, ಅಂದರೆ 2044. ಟಾಗೋರರ ಅಚ್ಚಾದ ಬರಹಗಳ ಹಕ್ಕು ಭಾರತದಲ್ಲಿ 2001ಕ್ಕೇ ಮುಗಿದಿದೆ. ಚರ್ಚೆಗೆಂದು ನಾಲ್ಕು ಸಾಲು ಉದ್ಧರಿಸುವುದು ಬೇರೆ, ಇಡೀ ಪತ್ರ ಅನುವಾದಿಸುವುದು ಬೇರೆ.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ನಂಟಿದೆಯಾ?

ನೇರವಾಗಿ ಹೆಚ್ಚಿಲ್ಲ, ಸುಮ್ನೆ ಎಳೆದು ತರುವುದು ಬೇಡ. ಒಂದು ಎಳೆ ಇದೆ. ಸ್ವಾತಂತ್ರ್ಯದ ನಂತರ, 1956ರಿಂದ, ಕೇಂದ್ರ ಸರ್ಕಾರ ಹಳ್ಳಿ ಯುವಕರಿಗೆಂದು ಗ್ರಾಮೀಣ ಉನ್ನತ ಶಿಕ್ಷಣ ಸಂಸ್ಥೆಗಳನ್ನು ಶುರು ಮಾಡಿತು. ಶ್ರೀನಿಕೇತನ ಅದರಲ್ಲೊಂದು. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲೂ ಅದೇ ಯೋಜನೆಯ ಸಂಸ್ಥೆ ಬಂತು. ಹಾವೇರಿ, ಧಾರವಾಡದ ಕಡೆಯವರು ಅಲ್ಲಿ ಓದಿದ ಹಿರಿಯರನ್ನು ಮಾತಾಡಿಸಿ ಬರೆದಿಟ್ಟರೆ ಒಳ್ಳೆಯದು. ಆ ಬ್ಯಾಚಿನವರಿಗೆ ಈಗ ತುಂಬಾ ವಯಸ್ಸಾಗಿದೆ.

ನಮ್ಮ ಅಜ್ಜ ಅಜ್ಜಿ ಇಬ್ಬರೂ ಹಳ್ಳಿ ಶಾಲೆ ಮೇಷ್ಟ್ರು. ಅವರ ಕಾಗದದ ಟ್ರಂಕು ಅಟ್ಟದ ಮೇಲಿದೆ. ಏನು ಮಾಡೋದು?

ಮೊದಲು ಅಟ್ಟದಿಂದ ಇಳಿಸಿ. ಬಿಸಿ, ತೇವ, ಇಲಿ ಮೂರೂ ಅಲ್ಲಿವೆ.

ಜೋಡಿಸಲು ಹೋಗಬೇಡಿ. ಯಾವ ಕಾಗದ ಯಾವುದರ ಜೊತೆ ಇತ್ತು ಅನ್ನುವುದೇ ಅರ್ಧ ಮಾಹಿತಿ. ಹಾಜರಿ ಪುಸ್ತಕದ ನಡುವೆ ಅಜ್ಜಿಯ ಪತ್ರ ಸಿಕ್ಕರೆ ಅಲ್ಲೇ ಇರಲಿ, ಫೋಟೋ ತೆಗೆದುಕೊಳ್ಳಿ. ತುಕ್ಕು ಹಿಡಿದ ಗುಂಡುಪಿನ್ನು ಇದ್ದರೆ ಮೆಲ್ಲಗೆ ತೆಗೆಯಿರಿ. ಹರಿದದ್ದಕ್ಕೆ ಸೆಲ್ಲೋಟೇಪ್ ಅಂಟಿಸಬೇಡಿ, ಅದರ ಅಂಟು ಕಾಗದವನ್ನು ಹಳದಿ ಮಾಡಿ ತಿನ್ನುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ, ಅದನ್ನು ಬಿಡಿಸಲು ಹೋದರೆ ಕಾಗದ ಹಾಳಾಗುತ್ತದೆ. ಪ್ಲಾಸ್ಟಿಕ್ ಚೀಲಕ್ಕಿಂತ ರಟ್ಟಿನ ಪೆಟ್ಟಿಗೆ ವಾಸಿ.

ಫೋಟೋ ಹಿಂದೆ ಹೆಸರು ಬರೆಯುವುದಾದರೆ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಮುಖ ಗುರುತಿಸುವ ದೊಡ್ಡಮ್ಮನೋ ಚಿಕ್ಕಜ್ಜನೋ ಇದ್ದರೆ ಈ ಕೆಲಸ ಮೊದಲು ಮಾಡಿ.

ಅಜ್ಜ ಅಜ್ಜಿಯರ ಕಾಗದವನ್ನು ಬೇರೆ ಬೇರೆ ಮಾಡಿ ಅಣ್ಣ ತಮ್ಮಂದಿರು ಹಂಚಿಕೊಳ್ಳಬೇಡಿ. ಎಲ್ಮ್‌ಹರ್ಸ್ಟ್ ಕಾಗದಗಳು ಮೂರು ದೇಶಕ್ಕೆ ಹೋದರೂ ಕಡತದ ಪಟ್ಟಿ ಇರುವುದರಿಂದ ಹುಡುಕಬಹುದು. ನಿಮ್ಮವು ಮೂರು ಮನೆಗೆ ಹೋದರೆ ಪಟ್ಟಿ ಮಾಡುವವರು ಯಾರು? ಮನೆಯಲ್ಲಿ ಇಟ್ಟುಕೊಳ್ಳಲು ಆಗದಿದ್ದರೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರವನ್ನು ಕೇಳಿ, ಅವರು ಖಾಸಗಿ ಕಾಗದಗಳನ್ನೂ ಸಂಗ್ರಹಿಸುತ್ತಾರೆ. ಕೊಡುವ ಮುಂಚೆ ಯಾವ ಪತ್ರ ಎಷ್ಟು ವರ್ಷ ಯಾರಿಗೂ ತೋರಿಸಬಾರದು ಅನ್ನುವುದನ್ನು ಮನೆಯವರೆಲ್ಲ ಕೂತು ಮಾತಾಡಿ, ಬರವಣಿಗೆಯಲ್ಲಿ ಕೊಡಿ.